ಎರಡು ಸಲ ಕೇಳುವ ಗದ್ದಲ

ಜಪಾನಿನ ರಿತ್ತೋ ಊರಿನ ಪಂದ್ಯದ ಕುದುರೆ ಲಾಯಗಳಲ್ಲಿ ಹೆಂಗಸರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಮೂವತ್ತೊಂಬತ್ತು ವರ್ಷ ನಸುಕಿಗೆ ಮೊದಲೇ ಎದ್ದು, ದೂರದ ಓಟದ ಕುದುರೆಗಳ ಆರೈಕೆಯಲ್ಲಿ ಎಲ್ಲರ ಗೌರವ ಗಳಿಸಿದ ಶ್ರೀಮತಿ ನಿಶಿವಾಕಿ ತೋಕಿಯೆ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಅವರ ಜೊತೆ ಹುಲ್ಲು ಹರವಿದ ನನಗೆ ಈ ಬರಹದ ಭಾಗ್ಯ ಸಿಕ್ಕಿದೆ. ಇಬ್ಬರಿಗೂ ಸೊಂಟನೋವು, ಅಭಿನಂದನೆಯನ್ನು ಕುಳಿತೇ ಹೇಳುತ್ತೇನೆ.

ನನ್ನ ಮೊದಲ ಚಳಿಗಾಲದಲ್ಲಿ, ಗೊರಸು ತೊಳೆದು ಬಿರಿದ ನನ್ನ ಕೈಗಳಿಗೆ ಅವರು ಕುದುರೆಯ ಮುಲಾಮನ್ನೇ ಹಚ್ಚಿದರು. ನನ್ನ ತಾಯಿ ತೀರಿಕೊಂಡ ವಾರ ನನ್ನ ಪಾಲಿನ ಕುದುರೆಗಳನ್ನೂ ನೋಡಿಕೊಂಡು, ನಾನು ಮರಳಿದಾಗ ಏನೂ ಕೇಳದೆ ಬ್ರಷ್ಷನ್ನು ಕೈಗಿತ್ತರು.

ಅವರು ಸಾಕಿದ ಗೆದ್ದ ಕುದುರೆಗಳ ವಿಷಯ ಬೇರೆಯವರು ಬರೆಯುತ್ತಾರೆ. ನನಗೆ ನೆನಪಾಗುವುದು ಕಜಾಮಿ. ಹನ್ನೊಂದು ವರ್ಷಗಳ ಹಿಂದೆ, ಎಂಟು ವರ್ಷದ ಈ ಕುದುರೆ ಎರಡನೆಯ ಬಾರಿ ಕ್ಯೋಟೋದಲ್ಲಿ ವಸಂತಕ್ಕೆ ನಡೆಯುವ ತೆನ್ನೋ-ಶೋ ಎಂಬ ದೊಡ್ಡ ಪಂದ್ಯಕ್ಕೆ ಹೊರಟಿತ್ತು. ಮೂರು ಸಾವಿರದ ಇನ್ನೂರು ಮೀಟರಿನ ಆ ಓಟದಲ್ಲಿ ಕುದುರೆಗಳು ಪ್ರೇಕ್ಷಕರ ಮುಂದೆ ಎರಡು ಸಲ ಹಾಯುತ್ತವೆ. ಹಿಂದಿನ ವರ್ಷ ಮೊದಲ ಸಲದ ಗದ್ದಲಕ್ಕೇ ಕೊನೆ ಬಂತೆಂದು ತಿಳಿದು, ಇದ್ದ ಬಲವನ್ನೆಲ್ಲ ಅಲ್ಲೇ ಸುರಿದು, ಕಜಾಮಿ ಕಟ್ಟಕಡೆಯದಾಗಿ ಬಂದಿತ್ತು. ಈ ಸಲವೂ ಸೋತರೆ ಈ ಕುದುರೆ ನನಗೆ ಬೇಡ ಎಂದಿದ್ದರು ಮಾಲೀಕ ಕುಸುಮೊಟೊ. ಯಾರಿಗೂ ಬೇಡವಾದ ಕುದುರೆ ಎಲ್ಲಿಗೆ ಹೋಗುತ್ತದೆಂದು ಲಾಯದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ತೋಕಿಯೆ ಅವರು ಒಂದು ತಿಂಗಳು, ದಿನವೂ, ಲಾಯದ ಹಿಂದಿನ ಅಂಗಳದಲ್ಲಿ ಕಜಾಮಿಯನ್ನು ಸುತ್ತು ನಡೆಸುತ್ತ, ಗದ್ದಲ ಅದಕ್ಕೆ ರೂಢಿಯಾಗಲೆಂದು ನಮ್ಮಿಂದ ಬಕೆಟ್ ಬಡಿಸಿದರು, ಕೂಗಿಸಿದರು.

“ಅಕ್ಕಾ, ಗಂಟಲು ಕಟ್ಟೋಯ್ತು. ಮನೇಲಿ ಗಂಡನ್ನ ಬೈಯೋಕೂ ದನಿ ಇಲ್ಲ,” ಎಂದೆ.

“ಪಾಪ, ಅವನಿಗೂ ಒಂದು ತಿಂಗಳು ರಜ ಸಿಗ್ಲಿ. ಜೋರಾಗಿ ಬಡಿಯೇ! ಅಕ್ಕಿ ತೊಳೀತಿದ್ದೀಯಾ?”

ಓಟದ ದಿನ, ಓಟ ಶುರುವಾಗುವ ಮೈದಾನದ ಆಚೆ ಬದಿಯಲ್ಲಿ ಕಜಾಮಿಯನ್ನು ಬಿಟ್ಟು, ನಾವಿಬ್ಬರೂ ಲಾಯದವರ ಬಸ್ಸಿನಲ್ಲಿ ಮರಳುತ್ತಿದ್ದಾಗ ಮೊದಲ ಗದ್ದಲ ಕೇಳಿತು. ಬಸ್ಸಿನ ಸಣ್ಣ ಟಿ.ವಿ.ಯಲ್ಲಿ ಕಜಾಮಿ ಕಿವಿ ಸಡಿಲಬಿಟ್ಟು ಸಮಾಧಾನವಾಗಿ ಹಾದುಹೋಯಿತು. ಅಕ್ಕ ನನ್ನ ಕೈಯನ್ನು ನೋಯುವಷ್ಟು ಹಿಡಿದರು. ಎರಡನೆಯ ಸಲ, ನಿಜವಾದ ಕೊನೆಯಲ್ಲಿ, ಮೈದಾನವೇ ಅದುರುವಂತೆ ಜನ ಕೂಗಿದರು. ಕಜಾಮಿ ಆಗಲೂ ಕಿವಿ ಸಡಿಲಬಿಟ್ಟು, ಬಿಸಿನೀರ ಸ್ನಾನ ಮುಗಿಸಿ ಮನೆಗೆ ಹೊರಟವರಂತೆ ಬಂದು ಹದಿಮೂರನೆಯದಾಯಿತು. ಗದ್ದಲಕ್ಕೆ ಕಿವಿಗೊಡಬೇಡ ಎಂದು ಕಲಿಸಿದ್ದವರು ನಾವೇ.

“ಇದೇನ್ರೀ, ಕುದುರೆನೋ, ನಮ್ಮ ಆಫೀಸಿನ ಗುಮಾಸ್ತನೋ?” ಎಂದರು ಕುಸುಮೊಟೊ.

ಅಕ್ಕ ಸೊಂಟ ಬಾಗಿಸಿ ನಿಂತರು. “ತಪ್ಪು ನಂದು, ಅದರದ್ದಲ್ಲ. ಒಂದು ವಾರ ಬಿಡಿ, ಸಾಕು, ಇದಕ್ಕೊಂದು ಜಾಗ ಹುಡುಕ್ತೀನಿ.”

ಆ ವಾರ ಸಿಕ್ಕ ಒಂದೇ ರಜೆಯಲ್ಲಿ ಅವರು ಬಿವಾ ಸರೋವರದ ಸುತ್ತಲಿನ ಸವಾರಿ ಶಾಲೆಗಳಿಗೆ ಅಲೆದರು. ಮೂರು ಕಡೆ ಬೇಡವೆಂದರು. ನಾಲ್ಕನೆಯ ಕಡೆ ಅಕ್ಕ, “ಮಕ್ಕಳು ಎಷ್ಟು ಕಿರುಚಿದ್ರೂ ಇದು ಬೆಚ್ಚಲ್ಲ, ಪರೀಕ್ಷೆ ಮಾಡಿ ನೋಡಿ,” ಎಂದರಂತೆ. ಶಾಲೆಯವರು ಒಪ್ಪಿದರು; ಮುಂದೆ ಪರೀಕ್ಷಿಸಿ ನೋಡಿ ಇಟ್ಟುಕೊಂಡರು. ಸಂಜೆ ಲಾಯಕ್ಕೆ ಬಂದು ಸುದ್ದಿ ಹೇಳಿದವರು ಹುಲ್ಲಿನ ಹೊರೆಯ ಮೇಲೆ ಕುಸಿದು, ಬೂಟು ಬಿಚ್ಚುವ ತ್ರಾಣವೂ ಇಲ್ಲದೆ ಅತ್ತರು. ಸಂತೋಷಕ್ಕೋ, ದಣಿವಿಗೋ, ನಾನು ಕೇಳಲಿಲ್ಲ. ಬೂಟು ಎಳೆದು ಬಿಚ್ಚಿಕೊಟ್ಟೆ.

ಕಜಾಮಿಗೆ ಈಗ ಹತ್ತೊಂಬತ್ತು. ಇನ್ನು ಮುಂದೆ ವಾರಕ್ಕೆರಡು ದಿನ ಆ ಶಾಲೆಯ ಕುದುರೆಗಳನ್ನು ನೋಡಿಕೊಳ್ಳಲು ತೋಕಿಯೆ ಅವರು ಒಪ್ಪಿದ್ದಾರೆ. ಅವರ ಆಯುಸ್ಸು ಬೆಳೆಯಲಿ, ಕೈಗೆ ಕೆಲಸ ತಪ್ಪದಿರಲಿ. ಆದರೆ ಮೊದಲ ವಾರವಾದರೂ ಅವರು ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗಿರಲೆಂದು ಬೇಡಿಕೊಳ್ಳುತ್ತೇನೆ. ಕುದುರೆಗೆ ಹುಲ್ಲು ಹಾಕಲು ಅಲ್ಲಿ ಬೇರೆಯವರಿದ್ದಾರೆ.