ಇಲ್ಲದ ಪುಟಕ್ಕೆ ಸಾಕ್ಷಿ ನಿಂತವರು

ಬೆಳಗಿನ ಐದೂವರೆ. ಕಚೇರಿಯ ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತೊಂಬತ್ತರ ಆ ಮನುಷ್ಯ ಕನ್ನಡಕ ಹಣೆಗೇರಿಸಿ ಬೀಗದ ಮೇಲಿನ ಅರಗಿನ ಮುದ್ರೆಯನ್ನು ನೋಡುತ್ತಾರೆ. ನಿನ್ನೆ ತಾವೇ ಒತ್ತಿದ್ದು ಎಂದು ಖಾತ್ರಿಯಾದ ಮೇಲೆಯೇ ಒಡೆಯುತ್ತಾರೆ. ಒಳಗೆ ಕಬ್ಬಿಣದ ಕಪಾಟುಗಳ ತುಂಬ ಬಟ್ಟೆಯ ಗಂಟುಗಳು. ಒಂದೇ ಮೊಕದ್ದಮೆಗೆ ಅರವತ್ತೆರಡು ಗಂಟು, ಮೂವತ್ತೊಂದು ಸಾವಿರದ ಚಿಲ್ಲರೆ ಪುಟ. ಎಂಟು ಗಂಟೆಗೆ ನ್ಯಾಯಾಲಯಕ್ಕೆ ಹೊರಡುವ ವ್ಯಾನು ಬರುವಷ್ಟರಲ್ಲಿ ಇವತ್ತಿನ ಮೂರು ಗಂಟು ಬಿಚ್ಚಿ, ಪುಟ ಎಣಿಸಿ, ಮತ್ತೆ ಕಟ್ಟಬೇಕು.

"ಎಣಿಸುವಾಗ ಮಾತಾಡಿಸಬೇಡಿ ಅಮ್ಮಾ. ತಪ್ಪಿದ್ರೆ ಮತ್ತೆ ಒಂದರಿಂದ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ. ಮುಂದಿನ ಒಂದೂವರೆ ಗಂಟೆ ಕಾಗದದ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ.

ಕಚೇರಿಯಲ್ಲಿ ಇವರನ್ನು ಪುಟದಣ್ಣ ಎನ್ನುತ್ತಾರೆ. ದೊಡ್ಡ ದೊಡ್ಡ ವಂಚನೆಗಳ ತನಿಖೆ ನಡೆಯುವ ಕಚೇರಿ ಇದು. ದಾಳಿ ಮಾಡಿದ ಅಧಿಕಾರಿಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ವಶಪಡಿಸಿಕೊಂಡ ಪ್ರತಿ ಹಾಳೆಗೂ ನಂಬರ್ ಒತ್ತಿ, ವರ್ಷಗಟ್ಟಲೆ ಕಾಯುವವರ ಚಿತ್ರ ಯಾರಿಗೆ ಬೇಕು? ಒಂದು ಹಾಳೆ ಕಳೆದರೂ, ಒಂದು ಹಾಳೆ ಹೊಸದಾಗಿ ಸೇರಿದರೂ ಆರೋಪಿಗಳ ವಕೀಲರಿಗೆ ಹಬ್ಬ.

ಈ ಅರವತ್ತೆರಡು ಗಂಟುಗಳು, ಜನರ ಠೇವಣಿ ನುಂಗಿ ಬಾಗಿಲು ಹಾಕಿದ ಒಂದು ಕಂಪನಿಯವು. ಹನ್ನೊಂದು ವರ್ಷದಲ್ಲಿ ಒಂಬತ್ತು ಮಂದಿ ತನಿಖಾಧಿಕಾರಿಗಳು ಬದಲಾಗಿದ್ದಾರೆ. ಕೆಲವರಿಗೆ ವರ್ಗ, ಕೆಲವರಿಗೆ ಬಡ್ತಿ. ಒಬ್ಬರಂತೂ ಕೆಲಸ ಬಿಟ್ಟು ಕಂಪನಿಗಳಿಗೇ ಸಲಹೆ ಹೇಳಲು ಹೋದರು. ವಿಚಾರಣೆ ನಲವತ್ಮೂರು ಸಲ ಮುಂದಕ್ಕೆ ಹೋಗಿದೆ. "ಹೊಸಬರು ಬಂದಾಗೆಲ್ಲ, ಎಲ್ಲಿಂದ ಶುರು ಮಾಡೋಣ ಅಂತಾರೆ. ಒಂದನೇ ಗಂಟಿಂದ ಸಾರ್ ಅಂತೀನಿ. ಮುಖ ಬಾಡುತ್ತೆ ಪಾಪ," ಎಂದು ನಗುತ್ತಾರೆ.

ಆ ಕಂಪನಿಯಲ್ಲಿ ಇವರ ಅಕ್ಕನ ಠೇವಣಿಯೂ ಮುಳುಗಿದೆ. ಹನ್ನೆರಡು ವರ್ಷ ದೊಡ್ಡವರು, ಇವರನ್ನು ಎತ್ತಿ ಆಡಿಸಿದವರು. ವಿಷಯ ತಿಳಿದ ದಿನವೇ ಪುಟದಣ್ಣ ಮೇಲಧಿಕಾರಿಗೆ ಅದನ್ನು ಬರೆದುಕೊಟ್ಟರು. "ನಂಬರ್ ಒತ್ತು, ಓದಬೇಡ, ಹೊರಗೆ ಉಸಿರೆತ್ತಬೇಡ," ಎಂದು ಮೇಲಧಿಕಾರಿ ಇವರನ್ನೇ ಆ ಕೆಲಸದಲ್ಲಿ ಉಳಿಸಿಕೊಂಡರು.

ಹೆಂಡತಿ ತೀರಿಕೊಂಡ ಮೇಲೆ ಇವರ ಭಾನುವಾರದ ಊಟ ಅಕ್ಕನ ಮನೆಯಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಅಕ್ಕ ತಟ್ಟೆಯ ಮುಂದೆಯೇ ಕೇಳಿದರು: "ಅಷ್ಟೂ ಕಾಗದ ನಿನ್ನ ಕೈಯಲ್ಲೇ ಇದೆ. ಕೇಸು ಎಲ್ಲಿಗೆ ಬಂತು ಅಂತ ಹೇಳೋಕೆ ನಿನ್ನ ಗಂಟೇನೋ ಹೋಗುತ್ತೆ?"

"ಹೇಳೋ ಹಾಗಿಲ್ಲಕ್ಕಾ."

"ಹಾಗಾದ್ರೆ ಇನ್ಮೇಲೆ ಈ ಮನೆಗೆ ಬರೋ ಹಾಗೂ ಇಲ್ಲ."

ಅಂದಿನಿಂದ ಭಾನುವಾರ ಇವರಿಗೆ ಎಲ್ಲಕ್ಕಿಂತ ಉದ್ದದ ದಿನ. ಬಟ್ಟೆ ಒಗೆದು, ಒಣಗಿಸಿ, ಮಡಚಿದರೂ ಮಧ್ಯಾಹ್ನವಾಗಿರುವುದಿಲ್ಲ.

ಇವರಿಂದ ಒಂದು ತಪ್ಪು ನಡೆದದ್ದು ಹಿಂದೆ ನಂಬರ್ ಒತ್ತುವ ದಿನಗಳಲ್ಲಿ, ಒಂಬತ್ತನೇ ಗಂಟಿನಲ್ಲಿ. ನಂಬರ್ ಒತ್ತುವ ಮಿಷಿನ್ನಿನ ಚಕ್ರ ಜಾರಿ, 4117ರ ಮುಂದಿನ ಹಾಳೆಗೆ 4119 ಬಿದ್ದಿತ್ತು. ಸಂಜೆ ಲೆಕ್ಕ ತಾಳೆಯಾಗದೆ ಹುಡುಕಿದಾಗ ಸಿಕ್ಕಿತು. "ಒಂದು ಖಾಲಿ ಹಾಳೆಗೆ 4118 ಒತ್ತಿ ತುರುಕಿಬಿಡಯ್ಯಾ, ಯಾರು ನೋಡ್ತಾರೆ?" ಎಂದರು ಪಕ್ಕದ ಗುಮಾಸ್ತರು. ಪುಟದಣ್ಣ ಹಾಗೆ ಮಾಡಲಿಲ್ಲ. '4118 ಇಲ್ಲ. ಮಿಷಿನ್ ಜಾರಿದೆ, ನಾನು ಗಮನಿಸಲಿಲ್ಲ' ಎಂದು ದಫ್ತರದಲ್ಲಿ ಬರೆದು ಸಹಿ ಹಾಕಿದರು.

ಆ ಒಂದು ಸಾಲು ಈ ವರ್ಷ ಅವರನ್ನು ಎರಡು ದಿನ ಕಟಕಟೆಯಲ್ಲಿ ನಿಲ್ಲಿಸಿತು. ಕಂಪನಿ ಮಾಲೀಕರ ಪತ್ರಗಳೆಲ್ಲ ಇದ್ದದ್ದು ಅದೇ ಗಂಟಿನಲ್ಲಿ. ಪುಟ ಕಿತ್ತಿದ್ದಾರೆ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದರೆ ಮೊಕದ್ದಮೆಯೇ ಕುಸಿಯುತ್ತಿತ್ತು. ಠೇವಣಿದಾರರ ಸಾಲಿನಲ್ಲಿ ಅಕ್ಕನೂ ಕೂತಿದ್ದರು.

"4118ರಲ್ಲಿ ಏನಿತ್ತು?" ಎಂದರು ಆರೋಪಿಗಳ ವಕೀಲರು.

"ಆ ಪುಟಾನೇ ಇರಲಿಲ್ಲ, ಸ್ವಾಮಿ."

"ಇಲ್ಲದ ಪುಟಕ್ಕೆ ಸಾಕ್ಷಿ ಯಾರು?"

"ನಾನೇ."

ಜನ ನಕ್ಕರು. ವಕೀಲರು ನಗಲಿಲ್ಲ. "ನಿಮ್ಮಕ್ಕ ಇಲ್ಲಿ ದುಡ್ಡು ಕಳಕೊಂಡವರು. ಆ ಸಿಟ್ಟಿಗೆ ನಮ್ಮ ಪರ ಇದ್ದ ಪುಟ ಕಿತ್ತು ಹಾಕಿದಿರಿ ಅನ್ನಿ!"

ಎರಡನೇ ದಿನ ಸಂಜೆ ನ್ಯಾಯಾಧೀಶರು 4117ರ ಕೊನೆಯ ಸಾಲು, 4119ರ ಮೊದಲ ಸಾಲು ಓದಿಸಿದರು. ಒಂದೇ ಪತ್ರ. ಅಲ್ಲಿ ಅರ್ಧಕ್ಕೆ ನಿಂತ ವಾಕ್ಯ ಇಲ್ಲಿ ಮುಗಿದಿತ್ತು. ಗಂಟು ಸಾಕ್ಷ್ಯವಾಗಿ ಉಳಿಯಿತು. "ಹನ್ನೊಂದು ವರ್ಷದಲ್ಲಿ ಈ ಕಾಗದಗಳಿಂದ ನಾನು ಕೇಳಿದ್ದು ಆ ಒಂದೇ ವಾಕ್ಯ. ಅದೂ ಬೇರೆಯವರು ಓದಿದಾಗ," ಎನ್ನುತ್ತಾರೆ ಪುಟದಣ್ಣ.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ಒಂದು ಗಳಿಗೆ ನಿಂತರಂತೆ. "ಎರಡು ದಿನ ನಿಂತೇ ಇದ್ದೆಯಲ್ಲೋ. ಕೂತ್ಕೋ ಅಂತ ಒಬ್ಬರೂ ಅನ್ನಲಿಲ್ಲವಲ್ಲೋ."

"ಅಲ್ಲಿ ಕುರ್ಚಿ ಇರಲ್ಲಕ್ಕಾ."

ಅಷ್ಟೇ. ಕಂಬಿ ಹಿಡಿದು ಇಳಿದುಹೋದರು. ಬಾ ಎನ್ನಲಿಲ್ಲ.

ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಮೊಕದ್ದಮೆ ಅಷ್ಟರಲ್ಲಿ ಮುಗಿಯುವುದಿಲ್ಲ, ಬಾಯಿಗೆ ಹಾಕಿದ ಬೀಗವೂ ಕಳಚುವುದಿಲ್ಲ. ವ್ಯಾನಿನ ಹಾರನ್ ಕೇಳಿ ಪುಟದಣ್ಣ ಏಳುತ್ತಾರೆ, ಒಂದು ಗಂಟನ್ನು ಎದೆಗವಚಿಕೊಳ್ಳುತ್ತಾರೆ.

"ತೀರ್ಪು ಬಂದ ದಿನ ಅಕ್ಕನ ಮನೆಗೆ ಹೋಗಿ ಅವಳು ಕೇಳಿದ್ದೆಲ್ಲ ಹೇಳ್ಬೇಕು, ಅಷ್ಟೇ ಆಸೆ. ಅಷ್ಟೊತ್ತಿಗೆ ಅವಳಿಗೆ ಎಂಬತ್ತು ದಾಟಿರುತ್ತೇನೋ. ಕಿವಿ ಮಂದ ಆಗಿದ್ರೆ ಕೂಗಿ ಹೇಳ್ತೀನಿ. ಬೀದಿಯವರು ಕೇಳಿಸಿಕೊಂಡರೂ ಆಗ ಪರವಾಗಿಲ್ಲವಲ್ಲ, ಅಮ್ಮಾ."