ಅಣ್ಣ ಉತ್ತರ ಕೊಟ್ಟದ್ದು ಯಾರಿಗೆ

ವಕೀಲರ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಟೈಪು ಕುಟ್ಟಿದ ಆಕೆಯನ್ನು ಊರೆಲ್ಲ ಟೈಪಿಸ್ಟಕ್ಕ ಎನ್ನುತ್ತಿತ್ತು. ಆದರೆ ಆಕೆ ಮೊಟ್ಟಮೊದಲು ಕುಟ್ಟಿದ್ದು ಯಾವ ದಾವೆಯನ್ನೂ ಅಲ್ಲ, ಅಣ್ಣನ ಎಂಟು ಪುಟಗಳ ಕರಪತ್ರವನ್ನು.

ಆಗ ನೂಲಿನ ಗಿರಣಿಯಲ್ಲಿ ಮುಷ್ಕರ. ಕೆಲಸಗಾರನಿಗೆ ಮೌನವೇ ಭೂಷಣ ಎಂದು ಮಾಲೀಕರು ಗೇಟಿಗೆ ನೋಟೀಸು ಅಂಟಿಸಿದ್ದರು. ಅದೇ ಧಾಟಿಯನ್ನು ಅಣಕಿಸಿ ಅಣ್ಣ ಹೇಳುತ್ತಾ ಹೋದ, ಈಕೆ ನಗು ತಡೆದುಕೊಂಡು ಟೈಪು ಮಾಡಿದಳು: 'ಕೇಳದವನಿಗೆ ಇಲ್ಲ ಎನ್ನಿಸಿಕೊಳ್ಳುವ ದುಃಖವಿಲ್ಲ.' ಗಿರಣಿಯ ಕೆಲಸಗಾರರು ಅದನ್ನು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಣ್ಣನ ಕೆಲಸ ಹೋಯಿತು. ಹೆಂಡತಿ, ಹಸುಗೂಸನ್ನು ಬಿಟ್ಟು ಎರಡೇ ವರ್ಷದಲ್ಲಿ ಅವನೂ ತೀರಿಹೋದ.

ನಲವತ್ತು ವರ್ಷದ ಮೇಲೆ ವಿಚಾರಗಳ ಇತಿಹಾಸ ಬರೆಯುವ ಪ್ರೊಫೆಸರೊಬ್ಬರು ದಪ್ಪ ಪುಸ್ತಕ ತಂದರು. ಅದರಲ್ಲಿ, ಆ ಎಂಟು ಪುಟಗಳ ಬಲದಿಂದ, ಅಣ್ಣ ಮೌನದ ತತ್ವಜ್ಞಾನಿಯಾಗಿದ್ದ. ಟೈಪಿಸ್ಟಕ್ಕ ನೇರ ಅವರ ಕೋಣೆಗೇ ಹೋದಳು.

"ಸಾರ್, ಅದು ಅಣಕ. ಗೇಟಿನ ನೋಟೀಸಿಗೆ ಕೊಟ್ಟ ಉತ್ತರ."

"ಆ ನೋಟೀಸು ಇದೆಯಾ ಅಮ್ಮ?"

"ಅದನ್ನ ಯಾರು ಇಟ್ಕೋತಾರೆ? ಹರಿದು ಒಲೆಗೆ ಹಾಕಿದ್ವಿ."

ಪ್ರೊಫೆಸರು ಒಳ್ಳೆಯವರೇ. ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. "ಯಾರಿಗೆ ಉತ್ತರ ಕೊಡ್ತಿದ್ರು ಅಂತ ತಿಳೀದೆ ಬರೆದವರ ಉದ್ದೇಶ ತಿಳಿಯಲ್ಲ, ಒಪ್ತೀನಿ. ಆದ್ರೆ ಕಾಗದ ಬೇಕಲ್ಲ. ನೀವು ತಂಗಿ. ನಿಮ್ಮ ಮಾತು ಪ್ರೀತಿ ಅನ್ಸ್ಕೊಳ್ಳುತ್ತೆ, ಪುರಾವೆ ಆಗಲ್ಲ."

"ಟೈಪು ಮಾಡಿದವಳೇ ನಾನು ಸಾರ್."

"ಅವರು ಹೇಳಿದ್ದನ್ನ ಟೈಪು ಮಾಡಿದ್ರಿ. ಅಂದ್ಕೊಂಡಿದ್ದನ್ನಲ್ಲ."

ಆಕೆ ಪುರಾವೆ ಹುಡುಕಿಕೊಂಡು ಅಲೆದಳು. ಮುಷ್ಕರದ ಮೊಕದ್ದಮೆಯ ಕಡತವನ್ನು ವಕೀಲರ ಮೊಮ್ಮಗ ಗುಜರಿಗೆ ಹಾಕಿದ್ದ. ಅಣ್ಣನ ಮೂವರು ಗೆಳೆಯರಲ್ಲಿ ಇಬ್ಬರು ಮಣ್ಣು ಸೇರಿದ್ದರು. ಮೂರನೆಯವನು ಈಕೆಯನ್ನು ತನ್ನ ಮಗಳೆಂದೇ ತಿಳಿದು, ಊಟ ಆಯ್ತಾ ಎಂದು ಕೇಳುತ್ತಲೇ ಇದ್ದ.

ಎರಡನೇ ಮುದ್ರಣದಲ್ಲಿ ಒಂದು ಅಡಿಟಿಪ್ಪಣಿ ಬಂತು: 'ಲೇಖಕರ ತಂಗಿಯ ಇಳಿವಯಸ್ಸಿನ ನೆನಪು ಬೇರೆ ರೀತಿಯದು.' ಅದನ್ನು ತೋರಿಸಿದ್ದು ಅಣ್ಣನ ಮಗಳು. ಅವಳಿಗೆ ಅಪ್ಪನ ಮುಖವೂ ನೆನಪಿಲ್ಲ.

"ನಿಮ್ಮ ವಿಷ್ಯನೂ ಬಂತಲ್ಲ ಅತ್ತೆ."

"ನಿಮ್ಮಪ್ಪ ಹಾಗೆ ಹೇಳಿದ್ದಲ್ಲ ಕಣೇ."

"ಅಪ್ಪ ಒಬ್ಬ ಜ್ಞಾನಿ ಅಂತಾದ್ರೆ ನಿಮಗೇನು ಕಷ್ಟ?"

ಟೈಪಿಸ್ಟಕ್ಕ ಪುಸ್ತಕ ಮುಚ್ಚಿ ಅವಳ ಕೈಗೇ ಕೊಟ್ಟಳು.

ಆ ವರ್ಷ ಕೂಲಿ ಹೆಚ್ಚಿಸಿ ಎಂದು ಕೆಲಸಗಾರರು ಕೇಳಿದಾಗ, ಮಾಲೀಕರು ಅಣ್ಣನ ವಾಕ್ಯವನ್ನೇ ಆಳೆತ್ತರದ ಅಕ್ಷರಗಳಲ್ಲಿ ಗಿರಣಿಯ ಗೋಡೆಗೆ ಬರೆಸಿದರು, ಕೆಳಗೆ ಅವನ ಹೆಸರು. ಆಕೆ ಆ ಬೀದಿ ಬಿಟ್ಟು ಸುತ್ತು ಬಳಸಿ ಮಾರುಕಟ್ಟೆಗೆ ಹೋಗತೊಡಗಿದಳು. ಮೊಣಕಾಲು ಕೈಕೊಟ್ಟ ಮೇಲೆ ಹೋಗುವುದನ್ನೇ ಬಿಟ್ಟಳು.