ಕಡಲ ಸ್ಟೇಷನ್ನಿನ ಕಲ್ಲುಬೆಂಚು

ನಿನ್ನೆ, ಸಂತೆಯಿಂದ ತಂದ ಒಣಮೀನಿನ ಪೊಟ್ಟಣ ಬಿಚ್ಚಿದೆ. ಎರಡು ಸಲ ಸೋಪು ಹಚ್ಚಿದರೂ ಬೆರಳ ಸಂದಿಯಲ್ಲಿ ಅದೇ ನಾತ... ರಾಮನಗರದ ನಮ್ಮ ಪಕ್ಕದ ಮನೆಯ, ಬೀದಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ನೆನಪಾದರು.

ರೇಷ್ಮೆಗೆ ಭಾರೀ ಬೆಲೆಯಿದ್ದ ಕಾಲ ಅದು. ನಮ್ಮ ಬೀದಿಯಲ್ಲಿ ಮನೆಮನೆಗೂ ನೂಲು ತೆಗೆಯುವ ಒಲೆ. ಗೂಡಿನೊಳಗೆ ಬೆಂದ ಹುಳುಗಳ ರಾಶಿ ನಾರುತ್ತಿತ್ತು, ಅದಕ್ಕೆ ನೊಣ ಮುತ್ತುತ್ತಿದ್ದವು. ಕಾನ್ವೆಂಟಿನಲ್ಲಿ ಓದಿ, ಕರ್ಚೀಫಿಗೆ ಪೌಡರ್ ಹಾಕಿಕೊಂಡು ಬೆಳೆದ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಊಟವನ್ನೇ ಬಿಟ್ಟಿದ್ದೆ. ಖಾಲಾ ದಿನವಿಡೀ ರೇಷ್ಮೆಗೂಡು ಕುದಿಯುವ ನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುತ್ತಿದ್ದರು. ಬೆರಳುಗಳು ಬೆಳ್ಳಗೆ ಬೆಂದು, ತುದಿ ಸೀಳಿದ್ದವು. ಕೈಗೆ ಅಂಟಿದ ಹುಳುವಿನ ನಾತಕ್ಕೆ ಅವರ ಅಳಿಯನ ಮನೆಯವರು ಮೊಮ್ಮಗುವನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ನನ್ನ ಮಗನನ್ನು ಎತ್ತಿಕೊಳ್ಳಲು ಕೇಳಿದರೆ ನಾನೂ ಏನಾದರೊಂದು ನೆಪ ಹೇಳುತ್ತಿದ್ದೆ.

ಕಡಲ ನೀರಿಗೆ ಎಂಥ ನಾತವೂ ಹೋಗುತ್ತದೆಂದು ಖಾಲಾಗೆ ಯಾರೋ ಹೇಳಿದ್ದರಂತೆ. ಮಗುವನ್ನು ಎತ್ತಿಕೊಂಡು ನಾವು ಗಂಡಹೆಂಡಿರು ಮಂಗಳೂರಿಗೆ ಹೊರಟಾಗ ಅವರೂ ಬಂದರು. "ಸಮುಂದರ್‌ನಾಗೆ ಒಸಿ ಕೈ ಅದ್ದಿ ಬತ್ತೀನಿ ಬೇಟಿ, ಅಷ್ಟೇಯ."

ಮಂಗಳೂರಿನ ಹತ್ತಿರ ನಾವಿಳಿದ ಕಡಲ ಪಕ್ಕದ ಸ್ಟೇಷನ್ ಎಂದರೆ ಒಂದು ಹೆಂಚಿನ ಮಾಡು, ಒಂದು ಕಲ್ಲುಬೆಂಚು. ಮೀನುಬುಟ್ಟಿಗಳಿಂದ ಸೋರಿದ ನೀರು ಚಪ್ಪಲಿಗೆ ಅಂಟುತ್ತಿತ್ತು. ನಾನು ಮೂಗಿನಿಂದ ಸೆರಗು ತೆಗೆಯಲಿಲ್ಲ. ಹಳಿ ದಾಟಿದರೆ ಮರಳು. ನೀರಿನಂಚಿನಲ್ಲಿ ಕೂತ ಖಾಲಾ, ಒಲೆಯ ಮುಂದಿನ ಅಭ್ಯಾಸದಂತೆ, ಒಂದೇ ಬೆರಳು ಅದ್ದಿ ಥಟ್ಟನೆ ಹಿಂದಕ್ಕೆಳೆದುಕೊಂಡರು. ಆಮೇಲೆ ನಕ್ಕರು. "ಇದು ಸುಡಾಕಿಲ್ಲ ಬೇಟಿ, ತಣ್ಣಗೈತೆ." ಸೀಳಿದ ಬೆರಳಿಗೆ ಉಪ್ಪು ಉರಿಯುತ್ತಿದ್ದರೂ ಮರಳು ಹಾಕಿ ತಿಕ್ಕಿದರು, ರಕ್ತ ಜಿನುಗುವವರೆಗೆ.

ವಾಪಸು ರೈಲಿಗೆ ಕಾಯುವಾಗ ನಮ್ಮವರು ಟಿಕೆಟ್ಟಿಗೆ ಹೋಗಿದ್ದರು. ಖಾಲಾ ಬೆಂಚಿನಲ್ಲಿ ನನ್ನ ಪಕ್ಕ ಕೂತು ಎರಡೂ ಕೈ ಚಾಚಿದರು. "ಮೂಸಿ ನೋಡು. ಓಯ್ತಾ?"

ನಾತ ಹಾಗೇ ಇತ್ತು. ಎದುರಿಗಿದ್ದ ಹೆಂಗಸೊಬ್ಬಳು ಮೂಗು ಸಿಂಡರಿಸಿ ನಮ್ಮಿಬ್ಬರನ್ನೂ ನೋಡಿದಳು.

"ಹೋಯ್ತು ಖಾಲಾ" ಎಂದೆ.

"ಅಂಗಾದ್ರೆ ಕೂಸ್ನ ಇಲ್ಲಿ ಕೊಡು, ಒಸಿ ಎತ್ಕೋತೀನಿ."

ನಾನು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಬೆಂಚಿನ ತುದಿಗೆ ಸರಿದೆ. "ನಿದ್ದೆ ಮಾಡ್ತಿದ್ದಾನೆ" ಎಂದೆ. ಮಗು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತು... ಖಾಲಾ ಕೈಗಳನ್ನು ಬುರ್ಖಾದೊಳಗೆ ಎಳೆದುಕೊಂಡರು. ಮತ್ತೆಂದೂ ಕೇಳಲಿಲ್ಲ.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಬೀದಿಯಲ್ಲಿ ಈಗ ಆ ಒಲೆಗಳೂ ಇಲ್ಲ. ನಿನ್ನೆ ನಾನು ಕೈ ಮೂಸಿ ನೋಡಿಕೊಳ್ಳುತ್ತ ನಿಂತಿದ್ದಾಗ ಮೊಮ್ಮಗಳು ಓಡಿಬಂದು "ಎತ್ಕೋ ಅಜ್ಜಿ" ಎಂದಳು. ಎತ್ತಿಕೊಂಡೆ. ಅವಳು ಮೂಗು ಮುಚ್ಚಲಿಲ್ಲ, ಕೊರಳಿಗೆ ಜೋತುಬಿದ್ದಳು. ಆ ಬೆಂಚಿನ ತುದಿಗೆ ಸರಿದವಳನ್ನು ನೆನೆದು ನನಗೇ ಹೇಸಿಗೆಯಾಯಿತು.